ನೀನು ಎತ್ತಿದ್ದು ಯಾವ ಕೈ?

ಸಿದ್ದಗಂಗಣ್ಣಾ,

ಹಿರೇಹಳ್ಳಿ ಕಾರ್ಖಾನೆಯವರು ಕೈಗವಸು ಕೊಡುತ್ತೇವೆ ಅಂದರು, ಕೊಡಲಿಲ್ಲ. ಹೆಂಗಸರಿಗೆ ಶೌಚಾಲಯ ಅಂದರು, ಗೋಡೆ ಎದ್ದಿತು, ಬಾಗಿಲು ಬರಲಿಲ್ಲ. ಪ್ರೆಸ್ ಮಷೀನಿಗೆ ಕೈ ಸಿಕ್ಕದ ಹಾಗೆ ಗಾರ್ಡ್ ಹಾಕಿಸುತ್ತೇವೆ ಅಂದರು, ಹಾಕಿಸಲಿಲ್ಲ. ಯಾಕೆ ಹಾಕಲಿಲ್ಲ ಎಂದು ಕೇಳಿದ ಹದಿನಾಲ್ಕು ಹೆಂಗಸರನ್ನು ಗೇಟಿನಾಚೆ ನಿಲ್ಲಿಸಿದರು. ಮಾತುಕತೆಗೆ ಕರೆಯುತ್ತೇವೆ ಅಂದವರು ಪೊಲೀಸರನ್ನು ಕರೆದರು. ನೀನೂ ಒಂದು ಮಾತು ಕೊಟ್ಟಿದ್ದೆ. ಹದಿನಾಲ್ಕು ಜನ ಒಳಗೆ ಹೋದ ದಿನ ನನ್ನ ಮೌನ ಮುರಿಯುತ್ತೇನೆ, ಮೊದಲ ಘೋಷಣೆ ನಾನೇ ಕೂಗುತ್ತೇನೆ ಅಂದಿದ್ದೆ. ಅದೂ ಆಗಲಿಲ್ಲ.

ಈಗ ಅದೇ ಕಾರ್ಖಾನೆಯವರು ಹಳೆಯ ಷರತ್ತನ್ನೇ ಮತ್ತೆ ಕಳಿಸಿದ್ದಾರೆ. ಹದಿಮೂರು ಜನ ಕೆಲಸಕ್ಕೆ ಬರಬಹುದು, ಬಸವಲಿಂಗಮ್ಮ ಮಾತ್ರ ಬರುವ ಹಾಗಿಲ್ಲ. ಸೋಮವಾರದೊಳಗೆ ಉತ್ತರ ಬೇಕಂತೆ. ಹಿಂದೆ ಇದೇ ಷರತ್ತನ್ನು ಐಸಿಯುನಲ್ಲಿ ನಿನ್ನ ಮಂಚದ ಪಕ್ಕ ನಿಂತು ಓದಿದಾಗ ನೀನು ಎಡಗೈ ಎತ್ತಿದೆ. ಬೇಡ ಅಂತ ಎತ್ತಿದೆಯೋ, ನಿನಗೆ ಎತ್ತಲು ಉಳಿದಿದ್ದು ಅದೊಂದೇ ಕೈಯೋ, ನನಗೆ ಗೊತ್ತಿಲ್ಲ. ಅದಕ್ಕೇ ಈ ಕಾಗದ.

ಇದನ್ನು ನಿನ್ನ ಮಗಳು ಶೃತಿ ಓದಿ ಹೇಳುತ್ತಾಳೆ. ಶೃತಿ, ನಿಧಾನ ಓದು ಮಗಳೇ. ಒಂದು ಮಾತು ಮುಗಿದ ಮೇಲೆ ಅಪ್ಪನ ಮುಖ ನೋಡು. ಮಾತು ಕಲಿಸಲು ಬರುವ ಆ ಹುಡುಗಿ ಹೇಳಿದ್ದು ನೆನಪಿದೆಯಲ್ಲ, ಚಿಕ್ಕ ಚಿಕ್ಕ ವಾಕ್ಯ, ಒಂದು ಸಲಕ್ಕೆ ಒಂದೇ ವಿಷಯ, ಆಮೇಲೆ ಕಾಯುವುದು. ಮೂವತ್ತು ವರ್ಷ ಕರಪತ್ರ ಬರೆದ ಕೈ ನನ್ನದು. ಒಂದು ಉಸಿರಿಗೆ ಒಂದು ಪುಟದ ವಾಕ್ಯ ಎಳೆದು ರೂಢಿ. ತಪ್ಪಿದರೆ ನೀನೇ ತುಂಡು ಮಾಡಿಕೊಂಡು ಓದು.

ಅಣ್ಣಾ, ಮೌನವನ್ನು ನಮ್ಮ ಸಂಘಟನೆಗೆ ತಂದವನು ನೀನು. ಉಪವಾಸ ಕೂತವನು ಬಾಯಿ ಬಿಡಬಾರದು, ಬಿಟ್ಟರೆ ಒಂದು ಮಾತಿಗೆ ಹತ್ತು ಅರ್ಥ ಹಚ್ಚುತ್ತಾರೆ ಅನ್ನುತ್ತಿದ್ದೆ. ಬಲಗೈಯ ಅಂಗೈ ತೆರೆದು ತೋರಿಸಿದರೆ ಒಪ್ಪಿಗೆ. ಎಡಗೈ ಮುಷ್ಟಿ ಎತ್ತಿದರೆ ಇಲ್ಲ. ಅಷ್ಟೇ ವ್ಯಾಕರಣ. ಒಂದು ಸ್ಲೇಟಾದರೂ ಇಟ್ಟುಕೋ ಅಂದಿದ್ದಕ್ಕೆ, "ಬರ್ದು ತೋರ್ಸೋದು ಕಳ್ಳಮೌನ ಕಣಮ್ಮಿ" ಅಂದು ನಕ್ಕಿದ್ದೆ. ಕುಣಿಗಲ್‌ನ ಹಮಾಲರ ಮುಷ್ಕರದಲ್ಲಿ ತಹಸೀಲ್ದಾರರ ಮುಂದೆ ನೀನು ಎಡಗೈ ಎತ್ತಿದಾಗ ಇಡೀ ಬಸ್ ಸ್ಟ್ಯಾಂಡು ಗುಡುಗಿತ್ತು. ಆ ಮುಷ್ಟಿಯನ್ನು ನಾವು ಪೋಸ್ಟರ್ ಮಾಡಿದೆವು, ಅಂಗಿಯ ಮೇಲೆ ಅಚ್ಚು ಹಾಕಿದೆವು. ನಿನ್ನ ಬಲಗೈಯ ಪೋಸ್ಟರನ್ನು ಯಾರೂ ಮಾಡಲಿಲ್ಲ. ಒಪ್ಪಿಕೊಳ್ಳುವ ಕೈಯನ್ನು ಯಾರು ಅಚ್ಚು ಹಾಕಿಸುತ್ತಾರೆ?

ಹಿರೇಹಳ್ಳಿಯ ಗೇಟಿನ ಮುಂದೆ ಉಪವಾಸ ಕೂತು ಎರಡನೇ ವಾರಕ್ಕೆ ಕಾಲಿಡುತ್ತಿದ್ದಾಗ ನೀನು ಶಾಮಿಯಾನದ ಕಂಬ ಹಿಡಿದು ಕುಸಿದೆ. ತುಮಕೂರಿನ ಆಸ್ಪತ್ರೆಗೆ ಸೇರಿಸಿದೆವು. ಹೊಟ್ಟೆಗಿಲ್ಲದೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿದೆ, ಹೃದಯದ ಬಡಿತ ಲಯ ತಪ್ಪಿದೆ, ಲಯ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದಕ್ಕೆ ರಕ್ತ ತೆಳು ಮಾಡುವ ಮದ್ದು ಹಾಕಿದ್ದೇವೆ ಅಂದರು ಡಾಕ್ಟರ್ ಗುರುಪ್ರಕಾಶ್. ನೀನು ಎಚ್ಚರವಾಗಿದ್ದೆ. ಡ್ರಿಪ್ ಹಾಕಲು ಒಪ್ಪಿದೆ, ಬಾಯಿಗೆ ಏನೂ ಬೇಡ ಅಂದೆ, ಎಲ್ಲವೂ ಕೈಯಲ್ಲೇ. ಸೂಜಿಯನ್ನು ಎಡಗೈಗೆ ಚುಚ್ಚಿದರು. ನಮ್ಮ ಸಂಘಟನೆಯ ರವೀಶ್ ತಮಾಷೆ ಮಾಡಿದ: "ಅಣ್ಣನ 'ಇಲ್ಲ'ಕ್ಕೇ ಸೂಜಿ ಚುಚ್ಬುಟ್ರಲ್ಲಪ್ಪಾ!" ನೀನೂ ನಕ್ಕೆ. ಎರಡೂ ಕಡೆಯ ತುಟಿ ಸಮವಾಗಿ ನಕ್ಕಿತು. ಈಗ ಆ ನಗುವನ್ನು ನೆನೆದಾಗಲೆಲ್ಲ ಮೊದಲು ತುಟಿಯ ಎರಡು ತುದಿಗಳನ್ನೇ ನೋಡುತ್ತೇನೆ. ಹಾಳಾದ ರೂಢಿ ಹತ್ತಿಬಿಟ್ಟಿದೆ.

ಮರುದಿನ ಮಧ್ಯಾಹ್ನ, ನೋಡಲು ಬಿಡುವ ಹೊತ್ತಿಗೆ, ಕಾರ್ಖಾನೆಯ ಮ್ಯಾನೇಜರ್ ರೇಣುಕಾಪ್ರಸಾದ್ ಬಂದ. ಎಲ್ಲ ಕಾರ್ಮಿಕರ ಮುಂದೆ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ ಮನುಷ್ಯ ಐಸಿಯುನಲ್ಲಿ ಚಪ್ಪಲಿ ಬಿಟ್ಟು ಪಿಸುಗುಟ್ಟುತ್ತಿದ್ದ. ನಿನ್ನ ಬಲಕ್ಕೆ ನಿಂತು ಷರತ್ತು ಓದಿದ. ಹದಿಮೂರು ಜನ ಒಳಗೆ. ಗಾರ್ಡ್, ಕೈಗವಸು, ಬಾಗಿಲು ಎಲ್ಲ ಒಪ್ಪಿಗೆ. ಮೊದಲು ಮಷೀನು ನಿಲ್ಲಿಸಿದ ಬಸವಲಿಂಗಮ್ಮನನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ. ನಾನೂ ರವೀಶನೂ ಕಾಲ ಬಳಿ ನಿಂತಿದ್ದೆವು. ನೀನು ಅವನತ್ತ ತಿರುಗಲಿಲ್ಲ. ಎಡಕ್ಕೆ, ಗೋಡೆಯತ್ತ ನೋಡುತ್ತಿದ್ದೆ. ಎಂಥ ತಾತ್ಸಾರ ಅಂದುಕೊಂಡೆ, ನನ್ನ ಎದೆ ಉಬ್ಬಿತು. "ಏನ್ ಹೇಳ್ತೀರಾ ಸಿದ್ದಗಂಗಯ್ಯನೋರೇ?" ಅಂತ ಅವನು ಎರಡು ಸಲ ಕೇಳಿದ. ಆಗ ನಿನ್ನ ಎಡಗೈ ಎದ್ದಿತು. ಡ್ರಿಪ್ಪಿನ ನಳಿಗೆಯನ್ನು ಎಳೆದುಕೊಂಡೇ ಎದ್ದಿತು. ಬೆರಳು ಮಡಚಿದ್ದವು.

ರವೀಶ್ ಕಾರಿಡಾರಿಗೆ ಓಡಿದ. "ಅಣ್ಣ ಒಪ್ಲಿಲ್ಲ! ಬಸವಲಿಂಗಮ್ಮನ್ನ ಬುಟ್ಟುಕೊಡ್ಲಿಲ್ಲ!" ಹೊರಗೆ ನಿಂತಿದ್ದ ನಮ್ಮವರು ಆಸ್ಪತ್ರೆ ಅನ್ನುವುದನ್ನೂ ಮರೆತು ಘೋಷಣೆ ಕೂಗಿದರು. ರೇಣುಕಾಪ್ರಸಾದ್ ಕಾಗದ ಮಡಚಿ ಜೇಬಿಗೆ ಹಾಕಿಕೊಂಡು, "ಇನ್ನು ನಮ್ಮ ಕಡೆಯಿಂದ ಏನೂ ಇಲ್ಲ" ಅಂದು ಹೋದ. ನಾವು ಗೆದ್ದೆವು ಅಂದುಕೊಂಡೆವು.

ಅಷ್ಟು ಹೊತ್ತಿಗೆ ನಿನ್ನ ಹೆಂಡತಿ ರಂಗಲಕ್ಷ್ಮಮ್ಮ ಒಳಗೆ ಬಂದಳು. ಮ್ಯಾನೇಜರ್ ನಿಂತಿದ್ದ ಜಾಗದಲ್ಲೇ ನಿಂತಳು. ನೀನು ಅವಳನ್ನೂ ನೋಡಲಿಲ್ಲ. "ಅವ್ನ್ನ ನೋಡ್ದೆ ಇದ್ರೆ ಬುಡು. ನನ್ ಮೇಲೆ ಯಾಕೆ ಕೋಪ ಇವ್ರಿಗೆ?" ಅಂದಳು ನನ್ನ ಹತ್ತಿರ. ಅಣ್ಣಾ, ಆ ಮಾತಿನಲ್ಲಿ ಎಲ್ಲವೂ ಇತ್ತು. ನಾನು, "ಮೌನದಲ್ಲಿ ಅವ್ರೆ ಕಣಕ್ಕ, ಮನಸ್ಸು ಕದಡಬೇಡ" ಅಂದೆ.

ನರ್ಸ್ ದೀಪಿಕಾ ಬಂದಳು. ಗೂಳೂರಿನ ಹುಡುಗಿ. ಬಾಯಿ ಜೋರು. ನಿನ್ನ ಎದುರು ಬಗ್ಗಿ, "ಅಣ್ಣಾ, ಹಲ್ಲು ತೋರ್ಸಿ ನೋಡಣ. ಎರಡೂ ಕೈ ಎತ್ತಿ" ಅಂದಳು. ನೀನು ಸುಮ್ಮನಿದ್ದೆ. ರವೀಶನಿಗೆ ರೇಗಿತು. "ಏನಮ್ಮಾ, ಮೌನದಲ್ಲಿರೋರನ್ನ ಮಕ್ಕಳ ಥರ ಆಟ ಆಡಿಸ್ತೀಯಾ? ಅವ್ರು ಯಾರು ಗೊತ್ತಾ ನಿಂಗೆ?"

"ಯಾರಾದ್ರೂ ಆಗ್ಲಿ ಸಾರ್. ಮೌನ ಮಾಡೋರು ಜೊಲ್ಲು ಸುರಿಸಲ್ಲ" ಅಂದಳು.

ಆಗ ನೋಡಿದೆ. ಬಲಗಡೆಯ ತುಟಿಯ ತುದಿ ಕೆಳಗೆ ಜಾರಿತ್ತು. ದಿಂಬಿನ ಮೇಲೆ ಒದ್ದೆ. ದೀಪಿಕಾ ನಿನ್ನ ಬಲಗೈಯನ್ನು ಎತ್ತಿ ಬಿಟ್ಟಳು. ಅದು ಚೀಲದ ಹಾಗೆ ಬಿತ್ತು. "ಸೂಜಿ ಇರೋ ಕೈ ಎತ್ತುತಾರೆ, ಖಾಲಿ ಕೈ ಎತ್ತಲ್ಲ, ಯಾಕೆ?" ಅಂತ ತನ್ನಷ್ಟಕ್ಕೆ ಅಂದುಕೊಂಡು ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಸಕ್ಕರೆ ಕುಸಿದರೂ ಹೀಗೇ ಆಗುತ್ತದಂತೆ. ಸಕ್ಕರೆ ಸರಿ ಇತ್ತು. ಕೂಗಿ ಡಾಕ್ಟರನ್ನು ಕರೆದಳು. ಆ ವೇಳೆಗೆ ರವೀಶನ ಕಡೆಯವರು ನಿಂಬೆ ಪಾನಕದ ಲೋಟ ಹಿಡಿದು ಬಂದಿದ್ದರು. ಉಪವಾಸ ಬಿಡಿಸೋಣ, ಬಾಯಿ ಒದ್ದೆ ಮಾಡಿದರೆ ಚೇತರಿಸಿಕೊಳ್ಳುತ್ತಾರೆ ಅಂತ. ಅವಳು ಲೋಟವನ್ನು ಕಿತ್ತುಕೊಂಡಳು. "ಲಕ್ವ ಹೊಡೆದ್ರೆ ನುಂಗೋಕೆ ಬರುತ್ತೋ ಇಲ್ವೋ ನೋಡ್ದೆ ಒಂದು ಹನೀನೂ ಹಾಕಂಗಿಲ್ಲ. ಶ್ವಾಸಕೋಶಕ್ಕೆ ಹೋಯ್ತದೆ. ಕೊಲ್ತೀರಾ ಅವ್ರನ್ನ?"

ಲಕ್ವ. ಆ ಪದ ನಮ್ಮ ಮಧ್ಯೆ ಬಿತ್ತು. ಎದೆ ಬಡಿತಕ್ಕೆ ಒಂದು ಯಂತ್ರ, ಉಸಿರಿಗೆ ಒಂದು, ರಕ್ತದೊತ್ತಡಕ್ಕೆ ಒಂದು, ಸುತ್ತ ಎಲ್ಲವೂ ಬೀಪ್ ಅನ್ನುತ್ತಿದ್ದವು. ಮನುಷ್ಯನ ಮಾತು ಹೋದರೆ ಬೀಪ್ ಅನ್ನುವ ಯಂತ್ರ ಅಲ್ಲಿ ಇರಲಿಲ್ಲ. ಆಮೇಲೆ ಡಾಕ್ಟರೇ ಹೇಳಿದರು: "ಮನೇಲಿ ಆದ್ರೆ ಬೇಗ ಗೊತ್ತಾಗುತ್ತೆ, ಲೋಟ ಬೀಳುತ್ತೆ, ಕಾಲು ಎಡವುತ್ತೆ. ಇಲ್ಲಿ ಮೊದಲೇ ಮಲಗಿರ್ತಾರೆ. ನಿದ್ದೆ ಮದ್ದು ಕೊಟ್ಟಿರ್ತೀವಿ, ಬಾಯಲ್ಲಿ ನಳಿಗೆ ಇರುತ್ತೆ. ಐಸಿಯುನಲ್ಲಿ ಸ್ಟ್ರೋಕ್ ಹಿಡಿಯೋದೇ ಕಷ್ಟ. ಅದಕ್ಕೇ ಎಬ್ಬಿಸಿ ಎಬ್ಬಿಸಿ ನೋಡ್ತಿರಬೇಕು." ನಿನಗೆ ನಿದ್ದೆ ಮದ್ದು ಕೊಟ್ಟಿರಲಿಲ್ಲ. ಬಾಯಲ್ಲಿ ನಳಿಗೆ ಇರಲಿಲ್ಲ. ನಿನಗೆ ನಾವಿದ್ದೆವು.

ಡಾಕ್ಟರ್ ಬಂದವರೇ ನಮ್ಮ ಕಡೆ ತಿರುಗಿ ಕೇಳಿದರು. "ಇವರು ಕೊನೆಯದಾಗಿ ಸರಿಯಾಗಿದ್ದಿದ್ದನ್ನ ನೋಡಿದ್ದು ಯಾರು? ಯಾವಾಗ? ಹೊತ್ತು ಬೇಕು ನನಗೆ. ಚಿಕಿತ್ಸೆ ಅದರ ಮೇಲೆ ನಿಂತಿದೆ."

ಇಲ್ಲಿ ಕೇಳು ಅಣ್ಣಾ. ಇಲ್ಲೇ ನನ್ನ ತಲೆ ಸಿಕ್ಕಾಗಿರುವುದು.

ರವೀಶ್ ಮುಂದೆ ಬಂದ. "ಈಗ ಮ್ಯಾನೇಜರ್ ಬಂದಿದ್ದಾಗ ಸರಿಯಾಗೇ ಇದ್ರು ಸಾರ್. ಷರತ್ತು ಕೇಳಿ ಬೇಡ ಅಂತ ಕೈ ಎತ್ತಿದ್ರು. ನಾನು ಕಣ್ಣಾರೆ ನೋಡಿದೀನಿ" ಅಂದ. ಅವನು ಸುಳ್ಳು ಹೇಳಲಿಲ್ಲ. ಹಾಗೆಯೇ ನಂಬಿದ್ದ. ನಂಬದೆ ಇರಲು ಅವನಿಗೆ ಆಗುತ್ತಿರಲಿಲ್ಲ. ಆ ಹೊತ್ತಿಗೆ ನೀನು ಸರಿ ಇರಲಿಲ್ಲ ಅಂದರೆ ಆ ಮುಷ್ಟಿ ಮುಷ್ಟಿಯಲ್ಲ. ಆ ಮುಷ್ಟಿ ಮುಷ್ಟಿಯಲ್ಲ ಅಂದರೆ ನಾವು ಕಾರಿಡಾರಿನಲ್ಲಿ ಕೂಗಿದ್ದು ಏನನ್ನು? ಹದಿಮೂರು ಹೆಂಗಸರ ಅನ್ನವನ್ನು ವಾಪಸು ಕಳಿಸಿದ್ದು ಯಾರ ಮಾತಿನ ಮೇಲೆ?

ದೀಪಿಕಾ ಬೇರೆ ಹೇಳಿದಳು. "ಬೆಳಿಗ್ಗೆ ಡ್ಯೂಟಿಗೆ ಬಂದಾಗ ನೋವಿಲ್ವಾ ಅಣ್ಣ, ಚೆನ್ನಾಗಿದೀರಾ ಅಂತ ಕೇಳ್ದೆ. ಬಲಗೈ ತೆರೆದು ತೋರಿಸಿದ್ರು. ಅದು ನನಗೆ ಖಾತ್ರಿ. ಆಮೇಲೆ ಮಲಗಿದ್ರು. ಎದ್ದಿದ್ದು ನೋಡಿಲ್ಲ."

ಡಾಕ್ಟರ್ ನನ್ನನ್ನು ನೋಡಿದರು. "ನೀವು ಹೇಳಿ ಅಮ್ಮಾ. ಮ್ಯಾನೇಜರ್ ಬಂದಾಗ ಸರಿ ಇದ್ರಾ?" ರವೀಶನೂ ನನ್ನನ್ನು ನೋಡಿದ. ಜೀವಮಾನದಲ್ಲಿ ಯಾವ ಅಧಿಕಾರಿಗೂ ನಾನು ಹೇಳದ ಮಾತನ್ನು ಹೇಳಿದೆ. ಗೊತ್ತಿಲ್ಲ ಅಂದೆ.

"ಗೊತ್ತಿಲ್ಲ ಅನ್ನೋದೂ ಉತ್ತರಾನೇ" ಅಂದು ಅವರು ಬೆಳಗಿನ ಹೊತ್ತನ್ನೇ ಹಿಡಿದರು.

ತಲೆಯ ಸ್ಕ್ಯಾನಿಗೆ ಒಯ್ದರು. ಒಳಗೆ ರಕ್ತಸ್ರಾವ ಇರಲಿಲ್ಲ. ಮಿದುಳಿನ ಎಡಭಾಗದ ದೊಡ್ಡ ರಕ್ತನಾಳಕ್ಕೆ ಹೆಪ್ಪು ಬಂದು ಕೂತಿತ್ತು. ಎಡ ಮಿದುಳು ಕೆಟ್ಟರೆ ಬಲಗಡೆ ಬೀಳುತ್ತದೆ, ಮಾತು ಹೋಗುತ್ತದೆ, ಕಣ್ಣು ಎಡಕ್ಕೆ ಎಳೆದುಕೊಳ್ಳುತ್ತದೆ. ನಿನ್ನ ತಾತ್ಸಾರದ ನೋಟಕ್ಕೆ ಡಾಕ್ಟರ್ ಕೊಟ್ಟ ಅರ್ಥ ಇದು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲಾಗಲಿಲ್ಲ. ಹೊತ್ತು ಮೀರಿತ್ತು, ಸಾಲದ್ದಕ್ಕೆ ರಕ್ತ ತೆಳು ಮಾಡುವ ಮದ್ದು ಮೊದಲೇ ಹರಿಯುತ್ತಿತ್ತು, ಕೊಟ್ಟರೆ ತಲೆಯೊಳಗೆ ರಕ್ತಸ್ರಾವವಾಗುವ ಅಪಾಯ. ಮ್ಯಾನೇಜರ್ ಬಂದಾಗ ಸರಿ ಇದ್ದರು ಅಂತ ನಾನು ಹೇಳಿದ್ದರೂ ಕೊಡುತ್ತಿರಲಿಲ್ಲವಂತೆ. ಅದನ್ನು ಕೇಳಿ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಬಿಪಿ ಏರಿತ್ತು, ಇಳಿಸಿ ಅಂತ ನಾವು ಕಿರುಚಿದೆವು. ಆತುರದಲ್ಲಿ ಇಳಿಸಿದರೆ ಇನ್ನೂ ಬದುಕಿರುವ ಮಿದುಳಿಗೆ ರಕ್ತ ಸಾಲದೆ ಅದೂ ಹೋಗುತ್ತದೆ ಅಂದರು. ನಮಗೆ ಸರಿ ಕಂಡದ್ದೆಲ್ಲ ಅಲ್ಲಿ ತಪ್ಪಾಗಿತ್ತು. ತೊಡೆಯ ಸಂದಿನಿಂದ ತಂತಿ ಬಿಟ್ಟು ಹೆಪ್ಪನ್ನು ಎಳೆದು ತೆಗೆಯಲು ಬೆಂಗಳೂರಿಗೆ ಕಳಿಸಿದರು. ನೆಲಮಂಗಲದ ಹತ್ತಿರ ಲಾರಿಗಳ ಸಾಲು. ಎಷ್ಟೋ ಸಲ ಆ ರಸ್ತೆಯನ್ನು ಅಡ್ಡ ಕೂತು ತಡೆದವರು ನಾವು. ಅವತ್ತು ದಾರಿ ಬಿಡ್ರಪ್ಪಾ ಅಂತ ಕಿಟಕಿಯಿಂದ ಕೈ ಮುಗಿದೆ.

ಹೆಪ್ಪು ತೆಗೆದರು. ಕಾಲು ಉಳಿಯಿತು. ಗುಬ್ಬಿಯ ಮನೆಗೆ ಬಂದೆ. ಕೋಲು ಹಿಡಿದು ಜಗಲಿವರೆಗೆ ನಡೆಯುತ್ತೀಯೆ. ಬಲಗೈ ಇನ್ನೂ ಬಂದಿಲ್ಲ. ಮಾತು ಬಂದಿದೆ, ಒಂದೇ ಒಂದು. "ಆಯ್ತು."

ಮೊದಲ ಸಲ ಕೇಳಿದಾಗ ರಂಗಲಕ್ಷ್ಮಮ್ಮ ಅತ್ತಳು, ಎರಡನೇ ಸಲಕ್ಕೆ ನಕ್ಕಳು. "ಸಂಸಾರದಲ್ಲಿ ಒಂದ್ ದಿನಾನಾದ್ರೂ ಆಯ್ತು ಅಂದವ್ರಲ್ಲ ಕಣೇ ಶಿವರುದ್ರಮ್ಮ. ಈಗ ನೋಡು ತಮಾಸೆ. ಮುದ್ದೆ ಹಾಕ್ಲಾ ಅಂದ್ರೆ ಆಯ್ತು. ಮುದ್ದೆ ಬ್ಯಾಡ್ವಾ ಅಂದ್ರೆ ಆಯ್ತು. ನನ್ನ ತವರಿಗೆ ಹೋಗಿ ತಿಂಗ್ಳು ಇದ್ಬರ್ಲಾ ಅಂದೆ, ಅದ್ಕೂ ಆಯ್ತಂತೆ!" ಅವಳು, ಶೃತಿ, ನಾನು, ಮೂರು ಜನವೂ ನಗುತ್ತಿದ್ದೆವು. ನೀನೂ ನಗುತ್ತಿದ್ದೆ. ಆಮೇಲೆ ನಿನ್ನ ಕಣ್ಣಲ್ಲಿ ಏನೋ ಬಂತು, ನಾವು ನಿಲ್ಲಿಸಿದೆವು. ಈ ಕಾಯಿಲೆಯಲ್ಲಿ ಹೌದು ಇಲ್ಲ ಎರಡೂ ಕಲಸಿಹೋಗುತ್ತವೆ, ಹೇಳಬೇಕು ಅಂದುಕೊಂಡದ್ದು ಒಂದು, ಬಾಯಿಗೆ ಬರುವುದು ಇನ್ನೊಂದು, ಒಳಗಿನ ಬುದ್ಧಿ ಹಾಗೇ ಇರುತ್ತದೆ ಅಂದಳು ಮಾತು ಕಲಿಸುವ ಹುಡುಗಿ. ಹಾಗಾದರೆ ನೀನು ಒಳಗಿದ್ದೀಯೆ. ಬಾಗಿಲಿಲ್ಲದ ಗೋಡೆಯೊಳಗೆ.

ಹೊರಗೆ ಏನಾಗಿದೆ ಗೊತ್ತಾ? ಸಂಘಟನೆ ಸೀಳಿಕೊಂಡಿದೆ. ರವೀಶನ ಕಡೆಯವರು, ಅಣ್ಣ ಜ್ಞಾನ ಇದ್ದೇ ಬೇಡ ಅಂದಿದ್ದು, ಅದೇ ನಮಗೆ ಆದೇಶ, ಈಗಲೂ ಷರತ್ತು ಒಪ್ಪಬಾರದು ಅನ್ನುತ್ತಾರೆ. ಹದಿಮೂರರಲ್ಲಿ ಕೆಲವರು, "ಲಕ್ವ ಹೊಡೆದ ಕೈ ನೋಡ್ಕೊಂಡು ನಮ್ಮ ಕೆಲ್ಸ ಕಳೆದ್ರಲ್ರೀ" ಅಂತ ನನ್ನ ಮುಖಕ್ಕೇ ಹೇಳಿದರು. ಒಬ್ಬಳು, "ಅವ್ರ ಬಲಗೈ ಎದ್ದಿದ್ರೆ ನಾವಿವತ್ತು ಒಳಗಿರ್ತಿದ್ವಿ" ಅಂದಳು. ನಾನು ಯಾರಿಗೆ ಬೈಯಲಿ? ಕಾರ್ಖಾನೆಗೆ ಬೈಯುವುದು ಸುಲಭ, ಬೈದಿದ್ದೇನೆ, ಇನ್ನೂ ಬೈಯುತ್ತೇನೆ. ಒಬ್ಬಳನ್ನು ಆಚೆ ಇಟ್ಟು ಹದಿಮೂರು ಜನರ ಬಾಯಿಗೆ ಅನ್ನ ತೋರಿಸುವುದು ನೀಚತನ. ಅದು ನನಗೆ ಸ್ಪಷ್ಟ. ಆದರೆ ಸಂಘಟನೆ ಅಂತ ಕಟ್ಟಿ, ಕಡೆಗೆ ಎಲ್ಲರ ಬದುಕನ್ನು ಒಬ್ಬ ಮನುಷ್ಯನ ಎರಡು ಕೈಗಳಿಗೆ ಕಟ್ಟಿಹಾಕಿದೆವಲ್ಲ, ಅದಕ್ಕೆ ಯಾರಿಗೆ ಧಿಕ್ಕಾರ ಕೂಗಲಿ? ನಿನಗೇ ಕೂಗಲಾ? ನಿನಗೂ ಸಿಟ್ಟು ಬರುವ ಹಾಗೆ ಬರೆಯುತ್ತಿದ್ದೇನೆ, ಬರಲಿ. ಸಿಟ್ಟಿನಲ್ಲಾದರೂ ಇನ್ನೊಂದು ಮಾತು ಬರಲಿ.

ಒಂದು ದಿನ ನೀನು ಬಸವಲಿಂಗಮ್ಮನನ್ನು ಬಿಟ್ಟುಕೊಡುವವನೇ ಅಲ್ಲ ಅನ್ನಿಸುತ್ತದೆ. ಹಮಾಲರ ಮುಷ್ಕರದಲ್ಲಿ ಒಬ್ಬ ಕುಂಟ ಹಮಾಲನನ್ನು ಬಿಟ್ಟು ಉಳಿದವರನ್ನು ತಗೋತೀವಿ ಅಂದಾಗ ನೀನು ಎದ್ದು ನಡೆದಿದ್ದೆ. ಮಾರನೇ ದಿನ, ಈ ಷರತ್ತಿಗೆ ನೀನು ಬಲಗೈ ಎತ್ತಲು ಹೋದೆ, ಅದು ಏಳಲಿಲ್ಲ, ಗಾಬರಿಯಲ್ಲಿ ಇನ್ನೊಂದನ್ನು ಎತ್ತಿ ನಮ್ಮನ್ನು ಕರೆದೆ ಅನ್ನಿಸುತ್ತದೆ. ಬನ್ನಿ, ನನಗೇನೋ ಆಗ್ತಿದೆ, ಅಂತ ಕರೆದೆ. ನಾವು ಜೈಕಾರ ಹಾಕಿದೆವು. ಈ ಎರಡನೆಯದು ನಿಜವಾಗಿದ್ದರೆ, ಅಣ್ಣಾ, ಬೇಡ, ಈ ಸಾಲನ್ನು ಓದಬೇಡ ಶೃತಿ. ಇಲ್ಲ, ಓದು. ಅವನಿಂದ ಮುಚ್ಚಿಟ್ಟು ನಾನು ಯಾವತ್ತೂ ಬರೆದಿಲ್ಲ.

ಮೊನ್ನೆ ಬಸವಲಿಂಗಮ್ಮ ಕುಣಿಗಲ್‌ಗೆ, ನನ್ನ ಮನೆಗೆ ಬಂದಿದ್ದಳು. ಅಣ್ಣನನ್ನೇ ಚಿತ್ರ ತೋರಿಸಿ ಕೇಳೋಣ ಅಂದೆ. ಒಂದು ಚಿತ್ರದಲ್ಲಿ ತೆರೆದ ಗೇಟು, ಇನ್ನೊಂದರಲ್ಲಿ ಮುಚ್ಚಿದ ಗೇಟು, ಎಡಗೈಯಲ್ಲಿ ಮುಟ್ಟಿ ತೋರಿಸಲಿ ಅಂದೆ. ಅವಳು ನನ್ನನ್ನು ದಿಟ್ಟಿಸಿ ನೋಡಿದಳು.

"ಏನಕ್ಕಾ, ಇನ್ನೂ ಸಾಕಾಗ್ಲಿಲ್ವಾ ನಿಮ್ಗೆ ಆ ಮನುಷ್ಯನ ಕೈ? ತಪ್ಪು ಚಿತ್ರ ಮುಟ್ಟಿದ್ರೆ? ಆಮೇಲೆ ಅದನ್ನೂ ಇಟ್ಕೊಂಡು ಒಂದು ವರ್ಷ ಜಗಳ ಆಡ್ತೀರಾ?"

ಮತ್ತೆ ನಿನಗೆ ಏನನ್ನಿಸುತ್ತೆ ಬಸವಲಿಂಗಿ, ಅಣ್ಣ ನಿನಗೋಸ್ಕರ ಎತ್ತಿದ್ರಾ ಅಂತ ಕೇಳಿಬಿಟ್ಟೆ. ಕೇಳಬಾರದಿತ್ತು.

"ಎತ್ತಿದ್ರೋ ಇಲ್ವೋ ಅದು ನಂದು ಬುಡಿ. ನಾನಿಟ್ಕೋತೀನಿ. ಅದನ್ನ ಮೀಟಿಂಗಿಗೆ ತರಬ್ಯಾಡಿ" ಅಂದಳು. ಬಸ್ಸಿಗೆ ಎದ್ದವಳು ಬಾಗಿಲಲ್ಲಿ ನಿಂತು ಮತ್ತೆ ಅಂದಳು: "ಹದಿನಾಲ್ಕು ಜನ ಇದೀವಿ, ನನ್ನೂ ಸೇರಿ. ನಮ್ಮ ಕೈ ಎತ್ಸಿ. ಯಾವ ಕೈಯಾದ್ರೂ ಎತ್ಲಿ, ಒಂದೇ ಓಟು."

ಅವಳು ಯಾವುದಕ್ಕೆ ಕೈ ಎತ್ತುತ್ತಾಳೆ ಅಂತ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಹಾಗಾಗಿ, ನೀನು ಎತ್ತಿದ್ದು ಯಾವ ಕೈ ಅಂತ ಕೇಳಲು ಕೂತ ಕಾಗದ ಕೇಳದೆಯೇ ಮುಗಿಯುತ್ತಿದೆ. ಭಾನುವಾರ ಸಭೆ ನಿನ್ನ ಜಗಲಿಯಲ್ಲೇ. ನಿನ್ನನ್ನು ಮಧ್ಯದಲ್ಲಿ ಕೂರಿಸಿ ಹಾರ ಹಾಕುವುದಿಲ್ಲ, ಫೋಟೋ ತೆಗೆಯುವುದಿಲ್ಲ. ರವೀಶನಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ, ಮುಖ ಊದಿಸಿಕೊಂಡಿದ್ದಾನೆ, ಬರುತ್ತಾನೆ. ಹದಿನಾಲ್ಕು ಜನ ಮಾತಾಡುತ್ತಾರೆ, ಆಮೇಲೆ ಕೈ ಎತ್ತುತ್ತಾರೆ. ಅವರು ಹೇಳಿದ್ದು ಸೋಮವಾರ ಕಾರ್ಖಾನೆಗೆ ಹೋಗುತ್ತದೆ. ನಡುವೆ ನೀನು "ಆಯ್ತು" ಅಂದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನಿನ್ನ ಬಾಯಿ ಇನ್ನೇನನ್ನಾದರೂ ಹುಡುಕುತ್ತಿರುವುದು ಕಂಡರೆ ಎಲ್ಲರೂ ಸುಮ್ಮನೆ ಕಾಯುತ್ತೇವೆ. ಆ ಮಾತನ್ನು ನಿನ್ನ ಪರವಾಗಿ ನಾವು ಮುಗಿಸುವುದಿಲ್ಲ.

ಅಷ್ಟರಲ್ಲಿ ಒಂದು ಕೆಲಸ ಮಾಡು. ಕೈಯ ವ್ಯಾಯಾಮ ಬಿಡಬೇಡ. ರಕ್ತ ತೆಳು ಮಾಡುವ ಮಾತ್ರೆ ತಪ್ಪಿಸಬೇಡ. ರಂಗಲಕ್ಷ್ಮಮ್ಮ ನಿನ್ನ ಬಲಕ್ಕೆ ಬಂದು ಕೂತರೆ ಕುತ್ತಿಗೆ ತಿರುಗಿಸಿ ನೋಡು, ಕಷ್ಟವಾದರೂ ನೋಡು, ಅವಳಿಗೆ ಇನ್ನೂ ನೀನು ಕೋಪ ಮಾಡಿಕೊಂಡಿದ್ದೀಯೆ ಅಂತಲೇ ಇದೆ.

ನಿನ್ನ ಬಲಗೈ ನಿನ್ನ ಮಾತು ಕೇಳುವಂತಾಗಲಿ. ನಿನ್ನ ನಾಲಿಗೆಗೆ "ಇಲ್ಲ" ಅನ್ನುವ ಪದ ಬೇಗ ಮರಳಲಿ, ಅದಿಲ್ಲದ ನಿನ್ನನ್ನು ನನಗೆ ಗುರುತು ಹಿಡಿಯಲಾಗುತ್ತಿಲ್ಲ.

ಏನೂ ಗೊತ್ತಿಲ್ಲದೆಯೂ ನಿನ್ನ ಪಕ್ಕದಲ್ಲೇ ನಿಂತಿರುವ ತಂಗಿ,
ಶಿವರುದ್ರಮ್ಮ
ಕುಣಿಗಲ್

ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ, ಗುಬ್ಬಿ, ನಿನ್ನ ಜಗಲಿ.